ಅಬ್ಬಾ ಆರಿಸಿದ ಶ್ರವಣಯಂತ್ರ

ನಮ್ಮ ಅಬ್ಬಾ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್. ಎಸ್ಟೇಟ್ ಕಡೆಯಿಂದ ಬರುವ ಗೆಳೆಯರಿಗೆ ಈ ಕೆಲಸ ಗೊತ್ತು. ಬೆಳಿಗ್ಗೆ ಹಾಜರಿ ಕೂಗಬೇಕು, ಕೆಲಸ ಹಂಚಬೇಕು, ಸಂಜೆ ಕೊಯ್ದ ಹಣ್ಣಿನ ತೂಕ ಬರೆದುಕೊಳ್ಳಬೇಕು, ನಡುನಡುವೆ ಸಾಹುಕಾರರ ಫೋನಿಗೆ ಉತ್ತರ ಕೊಡಬೇಕು. ಹೆಸರು ರೈಟರ್ ಎಂದಿದ್ದರೂ ಬರೆಯುವುದಕ್ಕಿಂತ ಕೇಳಿಸಿಕೊಳ್ಳುವ ಕೆಲಸವೇ ಹೆಚ್ಚು. ಎರಡೂ ಕಿವಿ ಮಂದವಾಗಿರುವ ಅಬ್ಬಾ ಈ ಕೆಲಸಕ್ಕೆ ತಕ್ಕ ಶ್ರವಣಯಂತ್ರವನ್ನು ಹೇಗೆ ಆರಿಸಿಕೊಂಡರು ಎಂಬುದನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕೆನಿಸಿತು.

ಅವರ ಹಳೆಯ ಯಂತ್ರಕ್ಕೆ ಆರು ವರ್ಷವಾಗಿತ್ತು. ಕಳೆದ ಕೊಯ್ಲಿನ ಹೊತ್ತಿಗೆ ಅದು ಇದ್ದೂ ಇಲ್ಲದಂತಾಗಿತ್ತು. ತೂಕದ ಹೊತ್ತಿನಲ್ಲಿ ಮೇಸ್ತ್ರಿ ತಕ್ಕಡಿ ನೋಡಿ ಕೂಗುತ್ತಾರೆ, ಅಬ್ಬಾ ಪುಸ್ತಕಕ್ಕೆ ಏರಿಸುತ್ತಾರೆ. ಕನ್ನಡದಲ್ಲಿ ಎಂಬತ್ತಕ್ಕೂ ತೊಂಬತ್ತಕ್ಕೂ ಮುಖ್ಯ ವ್ಯತ್ಯಾಸ ಮೊದಲಲ್ಲಿ ಬರುವ ಒಂದು ‘ತ’. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರು ಹಿಂದಿಯಲ್ಲಿ ‘ಸಾತ್’ ಎಂದಾಗ ‘ಸ’ ಕೇಳಿಸದಿದ್ದರೆ ಅದು ‘ಆಠ್’ ಆಗಿಬಿಡಬಹುದು. ಏಳಕ್ಕೂ ಎಂಟಕ್ಕೂ ನಡುವೆ ಒಂದು ಕಿಲೋ, ಎಂಬತ್ತಕ್ಕೂ ತೊಂಬತ್ತಕ್ಕೂ ನಡುವೆ ಹತ್ತು ಕಿಲೋ. ಕೊಯ್ಯುವವರ ಕೂಲಿ ಆ ಕಿಲೋಗಳ ಮೇಲೆಯೇ ನಿಂತಿದೆ. ಒಂದು ಸಂಜೆ ತೂಕದ ವಿಷಯಕ್ಕೆ ಮಾತು ಬೆಳೆಯಿತು. ಅಂದು ರಾತ್ರಿ ಅಬ್ಬಾ ಅಮ್ಮಿಗೆ, “ಬೇರೆಯವರ ಕೂಲಿ ನನ್ನ ಕಿವಿಯಿಂದ ಹಾಳಾಗೋದು ಬೇಡ, ಮುಂದಿನ ವರ್ಷ ಈ ಕೆಲಸ ಬಿಟ್ಟುಬಿಡ್ತೀನಿ” ಎಂದರು. ನಮ್ಮ ಮನೆಗೆ ಬರುವ ಸಂಬಳ ಅದೊಂದೇ.

ಆಮೇಲೆ ನಾನೂ ಅಬ್ಬಾ ಅವರೂ ಬೆಳಗಿನ ಮೊದಲ ಬಸ್ಸು ಹಿಡಿದು ಹಾಸನದ ಮೇಲೆ ಮೈಸೂರಿಗೆ ಹೋದೆವು. ಅಲ್ಲಿ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಸ್ವರವನ್ನು ಕೇಳಿಸಿ, ಎಷ್ಟು ಡೆಸಿಬಲ್‌ಗೆ ಕೇಳಿಸುತ್ತದೆ ಎಂದು ಗುರುತು ಹಾಕುತ್ತಾರೆ. ಆ ನಕ್ಷೆಗೆ ಆಡಿಯೋಗ್ರಾಂ ಎಂದು ಹೆಸರು. ಅಬ್ಬಾ ಅವರ ಸರಾಸರಿ 50 ಡೆಸಿಬಲ್ ಆಸುಪಾಸು. ಆದರೆ 4000 ಹರ್ಟ್ಸ್ ಹತ್ತಿರ ಗೆರೆ ಇನ್ನೂ ಕೆಳಗೆ ಇಳಿದಿತ್ತು. ಭೌತಶಾಸ್ತ್ರ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅ, ಆ, ಓ ಮುಂತಾದ ಸ್ವರಗಳ ಶಕ್ತಿ ಕೆಳಗಿನ ಆವರ್ತನದಲ್ಲಿದೆ, ಅವು ಜೋರಾಗಿಯೂ ಇರುತ್ತವೆ. ಸ, ಶ, ತ ಮುಂತಾದ ವ್ಯಂಜನಗಳು ಮೇಲಿನ ಆವರ್ತನದಲ್ಲಿವೆ, ಮೆಲ್ಲಗಿರುತ್ತವೆ. ಹಾಗಾಗಿ ಮಾತು ಕೇಳಿಸುತ್ತದೆ, ಏನು ಹೇಳಿದರೆಂದು ತಿಳಿಯುವುದಿಲ್ಲ. “ಜೋರಾಗಿ ಹೇಳಿದರೆ ಸಾಕು” ಎಂದು ನಾವು ತಿಳಿದಿರುವುದು ಪೂರ್ತಿ ಸರಿಯಲ್ಲ. ಜಾಹೀರಾತಿನಲ್ಲಿ ಬರುವ ಅಗ್ಗದ ಆಂಪ್ಲಿಫೈಯರ್‌ಗಳು ಎಲ್ಲ ಸದ್ದನ್ನೂ ಸುಮ್ಮನೆ ದೊಡ್ಡದು ಮಾಡುತ್ತವೆ. ಶ್ರವಣಯಂತ್ರವನ್ನು ಆಡಿಯೋಗ್ರಾಂ ನೋಡಿ, ಯಾವ ಆವರ್ತನಕ್ಕೆ ಎಷ್ಟು ಬೇಕೋ ಅಷ್ಟೇ ಹೆಚ್ಚಿಸುವಂತೆ ಹೊಂದಿಸುತ್ತಾರೆ.

ಯಂತ್ರ ತೋರಿಸುವ ಮೊದಲು ಆಡಿಯಾಲಜಿಸ್ಟ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ದಿನ ಹೇಗಿರುತ್ತದೆ?” ಅಬ್ಬಾ ಹೇಳುತ್ತಾ ಹೋದರು, ನಾನು ನೋಟ್‌ಬುಕ್ಕಿನಲ್ಲಿ ಬರೆದೆ. ಹಾಜರಿಯ ಗದ್ದಲ. ಪಲ್ಪರ್ ಪಕ್ಕದಲ್ಲೇ ನಡೆಯುವ ತೂಕ. ತೋಟದೊಳಗೆ ಬೆನ್ನ ಹಿಂದಿನಿಂದ ಕರೆಯುವವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮೇಲೆ ಬೀಳುವ ಮಳೆ. ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಚಳಿಗೆ ಮಂಕಿ ಟೋಪಿ. ಗಾಳಿಮಳೆಗೆ ಎರಡು ಮೂರು ದಿನ ಇಲ್ಲದ ಕರೆಂಟು. ಐದು ಹೊತ್ತಿನ ವುಜೂ.

ಈ ಪಟ್ಟಿಯೇ ಮುಂದೆ ಯಂತ್ರವನ್ನು ಆರಿಸಿಕೊಟ್ಟಿತು. ಅಬ್ಬಾ ಮನಸ್ಸಿನಲ್ಲಿದ್ದದ್ದು ಕಿವಿಯೊಳಗೆ ಪೂರ್ತಿ ಅಡಗುವ ಚಿಕ್ಕ ಯಂತ್ರ. ಯಾರಿಗೂ ಕಾಣುವುದಿಲ್ಲ, ಗಾಳಿಯ ಸದ್ದೂ ಕಡಿಮೆ. ಆದರೆ ಅಷ್ಟು ಚಿಕ್ಕದರಲ್ಲಿ ಸಾಮಾನ್ಯವಾಗಿ ಒಂದೇ ಮೈಕ್. ಗದ್ದಲದಲ್ಲಿ ಎದುರಿಗಿರುವವರ ಮಾತನ್ನು ಬೇರೆ ಸದ್ದಿನಿಂದ ಬೇರ್ಪಡಿಸಲು ಎರಡು ಮೈಕ್ ಬೇಕು. ಅದರ ಬ್ಯಾಟರಿಯೂ ಚಿಕ್ಕದು, ಬೇಗ ಮುಗಿಯುತ್ತದೆ. ಎರಡನೆಯದು ಚಾರ್ಜ್ ಮಾಡುವ ಯಂತ್ರ. ಪೇಟೆಯಲ್ಲಿರುವವರಿಗೆ ಬಹಳ ಅನುಕೂಲ, ನಮ್ಮ ಮಳೆಗಾಲದ ಕರೆಂಟಿಗೆ ನಂಬಿಕೆಯಿಲ್ಲ. ಮೂರನೆಯದು ಕಿವಿಯ ಹಿಂದೆ ಕೂರುವ, 13ನೇ ನಂಬರಿನ ಬ್ಯಾಟರಿ ಹಾಕುವ ಯಂತ್ರ. ಈ ಬ್ಯಾಟರಿಯ ಕಿತ್ತಳೆ ಪಟ್ಟಿ ಕಿತ್ತಾಗ ಗಾಳಿ ಒಳಹೋಗಿ ಅದು ಜೀವ ಪಡೆಯುತ್ತದೆ. ಒಂದು ಹಾಳೆ ಬ್ಯಾಟರಿ ಜೇಬಿನಲ್ಲಿದ್ದರೆ ವಾರಗಟ್ಟಲೆ ಚಿಂತೆಯಿಲ್ಲ. ಹಿಡಿದು ತೆಗೆಯಲು ಹಾಕಲು ಸುಲಭ, ದಪ್ಪ ಬೆರಳಿಗೂ ಆಗುತ್ತದೆ. ವುಜೂ ಮಾಡುವಾಗ ಕಿವಿ ಸವರಬೇಕಾದ್ದರಿಂದ ದಿನಕ್ಕೆ ಐದು ಸಲ ತೆಗೆಯುವವರಿಗೆ ಇದು ಸಣ್ಣ ವಿಷಯವಲ್ಲ. ಅಬ್ಬಾ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು, “ಕಾಣಿಸಿದರೆ ಒಳ್ಳೆಯದೇ, ಎದುರಿಗೆ ಬಂದು ಮಾತಾಡ್ತಾರೆ” ಎಂದು ನಕ್ಕರು. ತೇವದಿಂದ ಕಾಪಾಡಲು ರಾತ್ರಿ ಇಡಲೆಂದು ಸಿಲಿಕಾ ಜೆಲ್ ಇರುವ ಡಬ್ಬಿಯನ್ನೂ ತಂದೆವು. ಮಲೆನಾಡಿನಲ್ಲಿ ಅದಿಲ್ಲದೆ ಯಾವ ಯಂತ್ರವೂ ಬಾಳುವುದಿಲ್ಲ.

ದುಡ್ಡಿನ ಮಾತನ್ನೂ ಹೇಳಬೇಕು. ಶ್ರವಣಯಂತ್ರಗಳ ಬೆಲೆ ಕೆಲವು ಸಾವಿರದಿಂದ ಲಕ್ಷಗಳವರೆಗೆ ಇದೆ. ಕಡಿಮೆ ಆದಾಯದ ಅಂಗವಿಕಲರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮಂದಶ್ರವಣ ಎಂದರೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟ. ಅಬ್ಬಾ ಅವರ 50 ಆ ಗೆರೆಯ ಈಚೆಗೇ ನಿಲ್ಲುತ್ತದೆ. ಕಾಗದದಲ್ಲಿ ಅವರು ಅಂಗವಿಕಲರಲ್ಲ, ತೂಕದ ಹೊತ್ತಿನಲ್ಲಿ ಮಾತ್ರ ಹೌದು. ಅಮ್ಮಿಯ ಚೀಟಿ ಹಣ ಇದಕ್ಕೆ ಹೋಯಿತು. ಅತಿ ದುಬಾರಿಯದನ್ನು ಕೊಳ್ಳಲಿಲ್ಲ, ಪಟ್ಟಿಯಲ್ಲಿದ್ದ ಕೆಲಸಕ್ಕೆ ಆಗುವಂಥದ್ದನ್ನು ಕೊಂಡೆವು.

ಮೊದಲ ವಾರ ಕಷ್ಟವಾಯಿತು. ಪಾತ್ರೆಯ ಸದ್ದು, ಕುಕ್ಕರ್ ಸೀಟಿ, ತಮ್ಮದೇ ದನಿ ಎಲ್ಲವೂ ತಲೆಗೆ ಹೊಡೆದಂತೆ. ವರ್ಷಗಟ್ಟಲೆ ಕೇಳದ ಸದ್ದುಗಳಿಗೆ ಮಿದುಳು ಹೊಂದಿಕೊಳ್ಳಲು ವಾರಗಳು ಬೇಕು. ಮತ್ತೊಮ್ಮೆ ಹೋಗಿ ಹೊಂದಿಸಿಕೊಂಡು ಬಂದೆವು. ಪಲ್ಪರ್ ಓಡುವಾಗ ಯಾವ ಯಂತ್ರವೂ ಪವಾಡ ಮಾಡುವುದಿಲ್ಲ ಎಂದು ಮೇಡಂ ಹೇಳಿದ್ದರಿಂದ, ಅಬ್ಬಾ ಸಾಹುಕಾರರನ್ನು ಕೇಳಿ ತೂಕದ ಜಾಗವನ್ನೇ ಕಣದ ಆಚೆ ಬದಿಗೆ ಸಾಗಿಸಿದರು. ಈಗ ಮೇಸ್ತ್ರಿ ಅವರ ಮುಖ ನೋಡಿ ಕೂಗುತ್ತಾರೆ, ಅಬ್ಬಾ ಬರೆದದ್ದನ್ನು ಜೋರಾಗಿ ಓದಿ ಹೇಳುತ್ತಾರೆ, ಕೊಯ್ದವರು ಒಪ್ಪಿದ ಮೇಲೆ ಮುಂದಿನ ಚೀಲ. ಇದರಿಂದ ಕಿವಿ ಚೆನ್ನಾಗಿರುವವರಿಗೂ ಲಾಭವಾಗಿದೆ. ಕೆಲಸ ಬಿಡುವ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ.

ನಿಮ್ಮ ಮನೆಯಲ್ಲೂ ಟಿವಿಯ ಸದ್ದು ಏರಿಸುವ ದಾದಾ, “ಏನಂದೆ?” ಎಂದು ಎರಡೆರಡು ಸಲ ಕೇಳುವ ಅಜ್ಜಿ ಇರಬಹುದು. ಅವರಿಗೆ ಯಂತ್ರ ಕೊಡಿಸಬೇಕೆಂದಿದ್ದರೆ ಬೆಲೆ ಕೇಳುವ ಮೊದಲು ಒಂದು ಹಾಳೆಯಲ್ಲಿ ಅವರ ದಿನವನ್ನು ಬರೆಯಿರಿ. ಎಲ್ಲಿ, ಯಾರ ಮಾತು, ಯಾವ ಸದ್ದಿನ ನಡುವೆ ತಪ್ಪುತ್ತಿದೆ ಎಂದು ಅವರನ್ನೇ ಕೇಳಿ. ಕೇಳುವಾಗ ಎದುರಿಗೆ ಕುಳಿತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ, ನಿಧಾನವಾಗಿ ಕೇಳಿ.