ಎದೆಯ ಮೇಲಿನ ಅಕ್ಷರ

ಉರ್ದುವಿನಲ್ಲಿ ಪದಕಕ್ಕೆ 'ತಮ್ಗಾ' ಎನ್ನುತ್ತೇವೆ. ಹಿಂದೆ ತುರ್ಕಿ ಬುಡಕಟ್ಟುಗಳ ಜನ ತಮ್ಮ ಕುದುರೆಗಳ ಮೈಮೇಲೆ ಕಾಸಿ ಒತ್ತುತ್ತಿದ್ದ ಗುರುತಿಗೂ ಅದೇ ಹೆಸರು. ಗೌರವದ ಬಿಲ್ಲೆಗೂ ಸುಟ್ಟ ಬರೆಗೂ ಒಂದೇ ಪದ. ಈ ಎರಡೂ ಅರ್ಥ ಒಬ್ಬನೇ ಮನುಷ್ಯನ ಬದುಕಿನಲ್ಲಿ ಕೂಡಿದ್ದನ್ನು ನಾನು ಕಂಡದ್ದು ಅಮೆರಿಕದ ಅಡ್ಮಿರಲ್ ಜೆರೆಮಿ ಮೈಕೆಲ್ ಬೂರ್ಡಾ ಅವರ ಪದಕಗಳ ವಿಚಾರವನ್ನು ಹುಡುಕಿ ಓದಿದಾಗ.

ಬೂರ್ಡಾ 1956ರಲ್ಲಿ, ಹದಿನಾರರ ವಯಸ್ಸನ್ನು ಹೆಚ್ಚು ಹೇಳಿ, ಸಾಮಾನ್ಯ ನಾವಿಕನಾಗಿ ಸೇರಿದವರು. 1962ರಲ್ಲಿ ಅಧಿಕಾರಿಯಾದರು. ವಿಯೆಟ್ನಾಂ ಯುದ್ಧಕಾಲದಲ್ಲಿ ಜಾನ್ ಆರ್. ಕ್ರೇಗ್ ಮತ್ತು ಬ್ರೂಕ್ ಎಂಬ ಹಡಗುಗಳಲ್ಲಿ ದುಡಿದರು. 1994ರ ಫೆಬ್ರವರಿ 28ರಂದು ಬೋಸ್ನಿಯಾದ ಹಾರಾಟ ನಿಷೇಧಿತ ವಲಯದಲ್ಲಿ ಸರ್ಬ್ ಯುದ್ಧವಿಮಾನಗಳನ್ನು ಹೊಡೆದುರುಳಿಸಿದಾಗ ನ್ಯಾಟೋದ ದಕ್ಷಿಣ ಯುರೋಪ್ ಪಡೆಗಳ ದಂಡನಾಯಕ ಇವರೇ. ನ್ಯಾಟೋದ ಇತಿಹಾಸದಲ್ಲೇ ಅದು ಮೊದಲ ಕಾಳಗ. ಅದೇ ಏಪ್ರಿಲ್‌ನಲ್ಲಿ ಅವರು ನೌಕಾಪಡೆಯ ಮುಖ್ಯಸ್ಥರಾದರು. ಸಾಮಾನ್ಯ ನಾವಿಕನ ದರ್ಜೆಯಿಂದ ಆ ಕುರ್ಚಿಗೆ ಏರಿದವರಲ್ಲಿ ಅವರೇ ಮೊದಲಿಗರು.

ಕುರ್ಚಿ ಸುಖದ್ದಾಗಿರಲಿಲ್ಲ. 1991ರ ಟೈಲ್‌ಹುಕ್ ಲೈಂಗಿಕ ಕಿರುಕುಳ ಹಗರಣದ ಮಸಿ ಪಡೆಯ ಮುಖದಿಂದ ಇನ್ನೂ ಅಳಿದಿರಲಿಲ್ಲ. ಆ ಮಸಿ ತೊಳೆಯುವ ಕೆಲಸವೂ ಇವರ ಪಾಲಿಗೇ ಬಂತು. ಒಳಗಿನವರ ಅಸಮಾಧಾನವೂ ಇತ್ತು.

ಅವರ ರಿಬ್ಬನ್‌ಗಳ ಸಾಲಿನಲ್ಲಿ ಎರಡರ ಮೇಲೆ ಕಂಚಿನ ಪುಟ್ಟ 'ವಿ' ಅಕ್ಷರವಿತ್ತು. ನೇರ ಕಾಳಗದಲ್ಲಿ ಪಡೆದ ಪದಕ ಎಂಬುದಕ್ಕೆ ಆ ಗುರುತು. ಸಾಮಾನ್ಯರ ಕಣ್ಣಿಗೆ ಅದು ಕಾಣುವುದೇ ಕಷ್ಟ. ಸೈನಿಕರು ಮಾತ್ರ ಮೊದಲು ಓದುವುದೇ ಅದನ್ನು. ಪದಕದ ಜೊತೆ ಬರುವ ಪ್ರಶಸ್ತಿಪತ್ರದಲ್ಲಿ ಆ ಅಕ್ಷರಕ್ಕೆ ಅನುಮತಿ ಬರೆದಿರಬೇಕು. ಬೂರ್ಡಾ ಅವರ ಕಾಗದಗಳಲ್ಲಿ ಅದು ಇರಲಿಲ್ಲ. ಮಾಹಿತಿ ಹಕ್ಕಿನ ಕಾನೂನಿನಡಿ ಪತ್ರಕರ್ತರು ದಾಖಲೆ ಕೇಳಿದ ಮೇಲೆ ಸುಮಾರು ಒಂದು ವರ್ಷದ ಹಿಂದೆಯೇ ಅವರು ಆ ಅಕ್ಷರಗಳನ್ನು ತೆಗೆದಿಟ್ಟಿದ್ದರು. 1996ರ ಮೇ 16ರಂದು ನ್ಯೂಸ್‌ವೀಕ್ ವರದಿಗಾರರು ಅದೇ ವಿಷಯ ಕೇಳಲು ಬರುವವರಿದ್ದರು. ಅವರು ಬರುವ ಮೊದಲೇ, 56ರ ವಯಸ್ಸಿನಲ್ಲಿ, ಅಡ್ಮಿರಲ್ ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡರು.

ಕತೆ ಅಲ್ಲಿಗೇ ನಿಲ್ಲಲಿಲ್ಲ. ವಿಯೆಟ್ನಾಂ ಕಾಲದ ನೌಕಾಪಡೆ ಮುಖ್ಯಸ್ಥ ಎಲ್ಮೋ ಜುಮ್‌ವಾಲ್ಟ್, ಆ ಅಕ್ಷರ ಧರಿಸಿದ್ದು ಸರಿಯೇ ಎಂದು ಪತ್ರ ಬರೆದರು. 1998ರಲ್ಲಿ ಆ ಪತ್ರ ಬೂರ್ಡಾ ಅವರ ಕಡತ ಸೇರಿತು. 1999ರಲ್ಲಿ ದಾಖಲೆ ತಿದ್ದುಪಡಿ ಮಂಡಳಿ ಮಾತ್ರ ಅವರಿಗೆ ಆ ಹಕ್ಕಿರಲಿಲ್ಲ ಎಂದಿತು. ಇನ್ನೊಂದು ವಿಪರ್ಯಾಸ: ಈ ತನಿಖೆಯ ಮುಂಚೂಣಿಯಲ್ಲಿದ್ದ ನ್ಯೂಸ್‌ವೀಕ್‌ನ ಡೇವಿಡ್ ಹ್ಯಾಕ್‌ವರ್ತ್ ಸ್ವತಃ ಬಹು ಪದಕಗಳ ಸೇನಾಧಿಕಾರಿ. 1997ರಲ್ಲಿ ಅವರ ಪದಕ ಪಟ್ಟಿಯಲ್ಲೂ ಸಲ್ಲದ ಗುರುತುಗಳು ಸಿಕ್ಕವು.

ಹಾಗಾದರೆ ಪತ್ರಕರ್ತರು ಕೇಳಿದ್ದು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ ಧರಿಸಿದ್ದನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಆದರೆ ಕಡತ ಹೇಳುವುದು ಅನುಮತಿ ಇತ್ತೇ ಇಲ್ಲವೇ ಎಂಬುದನ್ನಷ್ಟೆ. ಧರಿಸಿದವನು ಮನಸ್ಸಿನಲ್ಲಿ ಏನು ನಂಬಿದ್ದ ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ.

ಇಜ್ಜತ್ ಹೋದ ಮೇಲೆ ಬದುಕಿ ಏನು ಎಂಬ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತದೆ. ಕನ್ನಡದಲ್ಲಿ ಮಾನ ಎನ್ನಿ, ಉರ್ದುವಿನಲ್ಲಿ ಇಜ್ಜತ್ ಎನ್ನಿ, ಆ ಮಾತಿನ ಕ್ರೌರ್ಯ ಒಂದೇ. ಮಕ್ಕಳಿಗೆ ಅದನ್ನು ಕಲಿಸುವಾಗ, ಬಿದ್ದ ಮಾನವನ್ನು ಎತ್ತಿಕೊಂಡು ಬದುಕಬಹುದೆಂಬುದನ್ನೂ ಕಲಿಸಬೇಕು. ಬೂರ್ಡಾ ಆ ಅಕ್ಷರಗಳನ್ನು ಆಗಲೇ ತೆಗೆದಿದ್ದರು. ಅಷ್ಟು ಸಾಕಾಗಿತ್ತು ಎಂದು ಅವರಿಗೆ ಹೇಳುವವರು ಬೇಕಿತ್ತು.