ಸಾಕುಮರಿ

ನನ್ನ ತವರು ಜಗಳೂರು ಕಡೆ. ಮಳೆ ಕಮ್ಮಿ, ಕುರಿ ಜಾಸ್ತಿ. ತಾಯಿಕುರಿ ಸತ್ತರೆ, ಇಲ್ಲಾ ಎರಡು ಈದು ಒಂದನ್ನ ಮೊಲೆಗೆ ಸೇರಿಸದೆ ಒದ್ದರೆ, ಆ ಮರಿ ನಮ್ಮ ದೊಡ್ಡವ್ವನ ಮಡಿಲಿಗೆ ಬರ್ತಿತ್ತು. ಅವತ್ತಿಂದ ಅದು ಸಾಕುಮರಿ. ಹಿಂಡಿನ ಕುರಿಗಳನ್ನೂ ನಾವೇ ಸಾಕಿದ್ದು, ಆದ್ರೆ ಅವಕ್ಕೆ ನಮ್ಮನೇಲಿ ಯಾರೂ ಹಂಗನ್ನಲ್ಲ. ಕೈಯಿಂದ ಹಾಲು ಕುಡಿದದ್ದಕ್ಕೆ ಮಾತ್ರ ಆ ಹೆಸರು. ಬೆಳೆದು ಮೂರು ಸಲ ಈದ್ರೂ ಸಾಕುಮರೀನೇ! ಹಿಂಡಿಗೆ ಹೊಡೆದ್ರೆ ಹೋಗಲ್ಲ, ಸೀದಾ ಒಲೆ ಹತ್ರ ಬರ್ತವೆ. ಮುದ್ದು ಮಾಡಿ ಕೆಟ್ಟ ಹುಡುಗ್ರನ್ನ ಬೈಯೋಕೂ ಅದೇ ಮಾತು.

ಮದುವೆಯಾಗಿ ಚನ್ನಗಿರಿ ಸೀಮೆಗೆ ಬಂದೆ. ಇಲ್ಲಿ ಅಡಿಕೆ ತೋಟ, ಕೊಟ್ಟಿಗೇಲಿ ದನ. ಒಂದ್ಸಲ ಹಸು ಈದು ಮೂರನೇ ದಿನಕ್ಕೆ ಸತ್ತೋಯ್ತು. ಅತ್ತೆ ಕರು ತಲೆ ಸವರಿ, "ಪಾಪ, ತಬ್ಬಲಿ" ಅಂದ್ರು. ನಂಗೆ ಎದೇಲಿ ಮುಳ್ಳು ಮುರಿದಂಗಾಯ್ತು.

ನಾನು ಹನ್ನೊಂದು ದಿನದ ಕೂಸಿದ್ದಾಗಲೇ ಹಡೆದವ್ವ ಹೋದ್ಲು. ಸಾಕಿದ್ದು ದೊಡ್ಡವ್ವ. ಯಾರಾದ್ರೂ ನನ್ನ ತಬ್ಬಲಿ ಅಂದ್ರೆ ಜಗಳಕ್ಕೇ ನಿಲ್ಲೋಳು: "ನಾನು ಸತ್ತಿದೀನಾ? ಇದು ನನ್ನ ಸಾಕುಮರಿ!"

ಬೇಕು-ಸಾಕು ಅನ್ನೋ ಸಾಕೇ ಬೇರೆ ಕಣ್ರೇ, ಅದು "ಸಾಲದು" ಅಂತೀವಲ್ಲ, ಆ ಮಾತಿನ ನಂಟು. ದೊಡ್ಡವ್ವನಿಗೆ ಮಾತ್ರ ಎರಡೂ ಒಂದೇ. ಮರಿ ಹೊಟ್ಟೆ ಮುಟ್ಟಿ ನೋಡಿ "ಸಾಕು" ಅಂತ ಬಟ್ಟಲು ಕಿತ್ಕೊಳ್ಳೋಳು. ಅಯ್ಯೋ ಪಾಪ ಅಂತ ಒಂದೇ ಸಲ ಜಾಸ್ತಿ ಕುಡಿಸಿದ್ರೆ ಉಚ್ಕೊಂಡು ಸಾಯ್ತವೆ. ಸ್ವಲ್ಪ ಸ್ವಲ್ಪ, ಬೆಚ್ಚಗೆ, ದಿನಕ್ಕೆ ನಾಕೈದು ಸಲ. ಬಟ್ಟೆ ಬತ್ತಿ ಮಾಡಿ ಹಾಲಲ್ಲಿ ಅದ್ದಿ ಚೀಪಿಸೋಳು. ಗೊಟ್ಟ ಮುಟ್ಟೋಕೆ ಬಿಡ್ತಿರಲಿಲ್ಲ, ತಲೆ ಮೇಲಕ್ಕೆತ್ತಿ ಸುರಿದ್ರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತೆ.

ನಮ್ಮ ಕರು ಮೂರು ದಿನ ಗಿಣ್ಣದ ಹಾಲು ಕುಡಿದಿತ್ತು, ಅದೇ ಪುಣ್ಯ. ಹುಟ್ಟಿದ ಎರಡು ಮೂರು ಗಂಟೆಯೊಳಗೆ ಅದು ಹೊಟ್ಟೆಗೆ ಬೀಳಬೇಕು, ತಡವಾದಷ್ಟೂ ರೋಗ ತಡೆಯೋ ಶಕ್ತಿ ಕಮ್ಮಿಯಾಗುತ್ತೆ. ಬೆರಳು ಚೀಪಿಸ್ತಾ ಚೀಪಿಸ್ತಾ ಅದರ ಮೂತೀನ ಬೋಗುಣಿಗೆ ಇಳಿಸಿದೆ. ಮೊದಲು ಕೆಮ್ಮಿ, ಸೀನಿ, ನನ್ನ ಸೀರೆಯೆಲ್ಲಾ ಹಾಲು. ಆಮೇಲೆ ಕಲೀತು.

ರಾತ್ರಿ ಅತ್ತೆಗೆ ದೊಡ್ಡವ್ವನ ಜಗಳದ ಕಥೆ ಹೇಳಿದೆ. ಅವರೇನೂ ಅನ್ನಲಿಲ್ಲ, ಎಲೆ ಅಡಿಕೆ ತಟ್ಟೆ ನನ್ನ ಕಡೆ ಸರಿಸಿದ್ರು ಅಷ್ಟೇ.

ಬೆಳಿಗ್ಗೆ ಕೊಟ್ಟಿಗೆಯಿಂದ ಕೂಗು: "ಏನೇ, ನಿನ್ನ ಸಾಕುಮರಿ ಒದರ್ತೈತೆ, ಹಾಲು ತಗಂಬಾ!"

"ಕರುಗೆ ಮರಿ ಅಂತಾರೇನತ್ತೇ?" ಅಂದೆ.

"ಇರ್ಲಿ ಬಾರೇ, ಹಸಿದೈತೆ."