ಮೂರನೆಯ ರಾತ್ರಿಗೊಂದು ಕೋಣೆ

ದೋಣಿಮಲೈ ಟೌನ್‌ಶಿಪ್ಪಿನಿಂದ ಸಂಡೂರಿನ ಕಡೆಗೆ ಹೊರಟಾಗ ಮೊದಲು ಕಣ್ಣಿಗೆ ಬೀಳುವುದು ಕೆಂಪು ಬಣ್ಣ. ರಸ್ತೆಯಂಚಿನ ಬೇವಿನ ಎಲೆ, ಗೂಡಂಗಡಿಯ ತಗಡು, ಅದಿರು ಲಾರಿಗಳ ತಾಡಪಾಲು, ಎಲ್ಲದರ ಮೇಲೂ ಒಂದೇ ಧೂಳು ಕೂತಿದೆ. 1977ರಲ್ಲಿ ಗಣಿ ಕಂಪನಿ ಎನ್‌ಎಂಡಿಸಿ ಇಲ್ಲಿ ಕಬ್ಬಿಣದ ಅದಿರಿನ ಗಣಿ ಶುರುಮಾಡಿದ ಮೇಲೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆಗಳ ಊರೊಂದು ಗುಡ್ಡದ ಮಗ್ಗುಲಲ್ಲಿ ಬೆಳೆಯಿತು. ಇಂಥ ಗಣಿ ಊರುಗಳಿಂದಲೂ ಕೆಳಗಿನ ಸಂಡೂರು, ಹೊಸಪೇಟೆ, ಕಂಪ್ಲಿಗಳಿಂದಲೂ ಓದಿ ಹೊರದೇಶ ಸೇರಿದವರು ರಜೆಗೆ ಬಂದಾಗ ಹಲ್ಲಿನ ಕೆಲಸವನ್ನೂ ಮುಗಿಸಿಕೊಂಡು ಹೋಗಲು ನೋಡುತ್ತಾರೆ. ಕಾರಣ ಸ್ಪಷ್ಟವಿದೆ. ಅಮೆರಿಕದ ಹಲ್ಲಿನ ವಿಮೆ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಸಾವಿರ ಡಾಲರಿಗೆ ನಿಂತುಬಿಡುತ್ತದೆ; ಅಲ್ಲಿನ ವೃದ್ಧರಿಗಿರುವ ಸರಕಾರಿ ಮೆಡಿಕೇರ್ ಹಲ್ಲಿನ ಬಹುಪಾಲು ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಇಂಗ್ಲೆಂಡಿನ ಎಷ್ಟೋ ಕಡೆ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಹಲ್ಲಿನ ಡಾಕ್ಟರು ಸಿಗುವುದೇ ದುಸ್ತರವಾಗಿದೆ. ಅಮೆರಿಕದವರು ಗಡಿ ದಾಟಿ ಮೆಕ್ಸಿಕೊದ ಲೋಸ್ ಅಲ್ಗೊಡೋನೆಸ್‌ಗೆ ಹೋಗುತ್ತಾರೆ, ಆಸ್ಟ್ರಿಯದವರು ಹಂಗೆರಿಗೆ ಹೋಗುತ್ತಾರೆ, ನಮ್ಮವರು ಊರಿಗೆ ಬರುತ್ತಾರೆ. ಯಾವ ಡಾಕ್ಟರು, ಎಷ್ಟು ಖರ್ಚು ಎಂದು ತಿಂಗಳುಗಟ್ಟಲೆ ವಿಚಾರಿಸುವವರು ಎಲ್ಲಿ ಉಳಿಯುವುದು ಎಂಬ ಮಾತನ್ನು ಮಾತ್ರ ಕೊನೆಗೆ ಬಿಡುತ್ತಾರೆ. ದೋಣಿಮಲೈಯಿಂದ ತುಂಗಭದ್ರೆಯ ದಂಡೆಯವರೆಗಿನ ಈ ದಾರಿಯಲ್ಲಿ ನಾನು ಪ್ರತಿ ಊರನ್ನೂ ಆ ಒಂದು ಪ್ರಶ್ನೆ ಹಿಡಿದೇ ನೋಡುತ್ತ ಬಂದೆ.

ಉಳಿಯುವ ಜಾಗವನ್ನು ಜನ ಆರಿಸುವುದು ಮೊದಲ ದಿನದ ಲೆಕ್ಕದಲ್ಲಿ. ಕ್ಲಿನಿಕ್ಕಿಗೆ ಹತ್ತಿರ ಒಂದು ರಾತ್ರಿ, ಆಮೇಲೆ ಹಂಪಿ, ಆಮೇಲೆ ಬಳಗದ ಮನೆ. ಬಾಯಿಯೊಳಗಿನ ಗಾಯದ ಲೆಕ್ಕವೇ ಬೇರೆ. ಬುದ್ಧಿಹಲ್ಲು ಕೀಳಿಸಿಕೊಂಡ ದಿನ ಅರಿವಳಿಕೆಯ ಇಂಜೆಕ್ಷನ್ನೂ ನೋವಿನ ಮಾತ್ರೆಯೂ ಜೊತೆಗಿರುತ್ತವೆ. ಊತ ಏರಿ ಏರಿ ತುದಿ ಮುಟ್ಟುವುದು 48ರಿಂದ 72 ಗಂಟೆಗಳ ನಡುವೆ. ಕಿತ್ತ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಎಲುಬು ತೆರೆದುಕೊಳ್ಳುವ ಡ್ರೈ ಸಾಕೆಟ್ ಎಂಬ ತೊಂದರೆ ಎಲ್ಲರಿಗೂ ಬರುವುದಿಲ್ಲ. ಬಂದರೆ ಹೆಚ್ಚಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಬರುತ್ತದೆ. ಆ ನೋವು ಕಿವಿಯವರೆಗೂ ಎಳೆಯುತ್ತದೆ, ಬರೀ ಮಾತ್ರೆಗೆ ಬಗ್ಗುವುದಿಲ್ಲ. ಡಾಕ್ಟರು ಗಾಯ ತೊಳೆದು ಔಷಧ ತುಂಬಬೇಕು. ಹೊಲಿಗೆ ಹಾಕಿದ್ದರೆ ಬಿಚ್ಚಿಸಲು ವಾರ, ಹತ್ತು ದಿನ ಬೇಕು. ಆದ್ದರಿಂದ ಕೋಣೆಯನ್ನು ಅಳೆಯಬೇಕಾದದ್ದು ಮೂರನೆಯ ರಾತ್ರಿಯಿಂದ. ಆ ರಾತ್ರಿ ಹನ್ನೊಂದಕ್ಕೆ ನೋವೆದ್ದರೆ ಡಾಕ್ಟರು ಎಷ್ಟು ದೂರ, ದಾರಿಯಲ್ಲಿ ಏನಿದೆ, ಬಿಸಿನೀರು ಸಿಗುತ್ತದೆಯೇ, ಅಗಿಯದೆ ನುಂಗುವಂಥದ್ದು ಏನಾದರೂ ಇದೆಯೇ. ನೋಟ, ಈಜುಕೊಳ, ಬೆಳಗಿನ ಬಫೆ ಎಲ್ಲ ಇದರ ನಂತರದ ಮಾತು.

ಈ ಅಳತೆ ಹಿಡಿದು ನೋಡಿದರೆ ಗಣಿ ಪ್ರದೇಶ ಮೊದಲೇ ಹಿಂದೆ ಬೀಳುತ್ತದೆ. ದೋಣಿಮಲೈಯದು ಕಂಪನಿಯ ಊರು. ಹೊರಗಿನವರು ವಾರಗಟ್ಟಲೆ ತಂಗುವುದಕ್ಕೆಂದು ಕಟ್ಟಿದ್ದಲ್ಲ. ಸಂಡೂರು ನನಗೆ ಈ ಸೀಮೆಯಲ್ಲೇ ಹೆಚ್ಚು ಪ್ರಿಯವಾದ ಊರು. ಸುತ್ತ ಗುಡ್ಡಗಳ ಕೋಟೆ, ಮಳೆಗಾಲದಲ್ಲಿ ತುಂಬಿ ನಿಲ್ಲುವ ನಾರಿಹಳ್ಳದ ಜಲಾಶಯ, ಮೇಲೆ ಕುಮಾರಸ್ವಾಮಿ ಬೆಟ್ಟದ ಹಳೆಯ ಗುಡಿಗಳು, ಲಂಬಾಣಿ ಹೆಣ್ಣುಮಕ್ಕಳ ಕಸೂತಿ. ರಾಜಮನೆತನದ ಶಿವವಿಲಾಸ ಅರಮನೆಯಲ್ಲೇ ತಂಗುವ ವ್ಯವಸ್ಥೆಯೂ ಉಂಟು. ಗಾಯ ಮಾಯುವವರಿಗೆ ಇದಕ್ಕಿಂತ ತಂಪಾದ ಜಾಗ ಯಾವುದು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಡಾಕ್ಟರು ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಇದ್ದರೆ ರಾತ್ರಿ ಅದಿರು ಲಾರಿಗಳ ಸಾಲಿನ ಹಿಂದೆ, ಗುಡ್ಡದ ತಿರುವುಗಳಲ್ಲಿ, ದವಡೆ ಹಿಡಿದುಕೊಂಡು ಹೋಗಬೇಕು. ಹೊಸಪೇಟೆಗೆ ಸಂಡೂರಿನಿಂದ 30 ಕಿ.ಮೀ. ಆಸುಪಾಸು. ಹಗಲಲ್ಲಿ ಅದು ದೂರವೇ ಅಲ್ಲ. ಕಿತ್ತುಹೋದ ರಸ್ತೆಯ ಒಂದೊಂದು ಕುಲುಕಾಟವೂ ಊದಿದ ದವಡೆಗೆ ತಗಲುವಾಗ ಅದೇ ದೂರ ಇಮ್ಮಡಿಯಾಗುತ್ತದೆ.

ಕಂಪ್ಲಿಯ ದಾರಿಯಲ್ಲಿ ಬಣ್ಣ ಬದಲಾಗುತ್ತದೆ. ಕಾಲುವೆ, ಗದ್ದೆ, ಬಾಳೆ, ಕಬ್ಬು, ನೆಲ್ಲು ತುಂಬಿದ ಟ್ರ್ಯಾಕ್ಟರು. ಇಲ್ಲಿಗೆ ಬಂದಾಗ ನನ್ನ ವಾದಕ್ಕೆ ಎದುರಾಗುವ ಅತಿ ಗಟ್ಟಿ ಆಕ್ಷೇಪವನ್ನು ಎದುರಿಸಲೇಬೇಕು. ಸ್ವಂತ ಮನೆ, ತವರುಮನೆ ಇರುವಾಗ ಲಾಡ್ಜು ಹಿಡಿಯುವುದೇ? ಬಳಗ ಏನಂದೀತು? ಈ ಮಾತಿನಲ್ಲಿ ಹುರುಳಿದೆ. ಅಮ್ಮನ ಕೈಯ ಗಂಜಿಗೆ ಸಮನಾದದ್ದು ಯಾವ ಹೋಟೆಲಿನಲ್ಲೂ ಇಲ್ಲ. ಈ ನೆಲದ ಅಕ್ಕಿಯ ಮೆತ್ತನೆಯ ಅನ್ನ, ಮೊಸರು, ಆರಿದ ಜೋಳದ ಅಂಬಲಿ ಗಾಯದ ಬಾಯಿಗೆ ಹೇಳಿ ಮಾಡಿಸಿದ ಊಟ. ಖರ್ಚೂ ಇಲ್ಲ. ಆದರೆ ವರ್ಷಗಳ ಮೇಲೆ ಬಂದ ಮಗನನ್ನೋ ಮಗಳನ್ನೋ ಊರು ಸುಮ್ಮನೆ ಮಲಗಿರಲು ಬಿಡುವುದಿಲ್ಲ. ನೋಡಲು ಬಂದವರೊಡನೆ ಮಾತಾಡಬೇಕು, ಮೊದಲ ದಿನಗಳಲ್ಲಿ ದವಡೆಗೆ ಬೇಡವಾದದ್ದೇ ಮಾತು. ಪ್ರೀತಿಯಿಂದ ಮುಂದಿಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಗ್ಗರಣಿ ಮಿರ್ಚಿಗೆ ಬೇಡ ಎನ್ನುವುದು ಸುಲಭವಲ್ಲ; ಶೇಂಗಾದ ಒಂದು ಚೂರು ಗುಳಿಯೊಳಗೆ ಕೂತರೆ ಸಾಕು. ಬಿಸಿ ಚಹಾ ಬೇಡ, ಬಾಯಿ ಮುಕ್ಕಳಿಸಬೇಡ ಎಂದು ಡಾಕ್ಟರು ಮೊದಲ 24 ಗಂಟೆಗೆ ಹಾಕಿದ ಕಟ್ಟಳೆಯನ್ನು ಹಿರಿಯರು ಒಂದು ಲೋಟದಲ್ಲಿ ಮುರಿಯಬಲ್ಲರು. ಆದ್ದರಿಂದ ತವರಿಗೆ ಹೋಗಬೇಡಿ ಎನ್ನುವುದಿಲ್ಲ, ಹೋಗುವ ದಿನ ಬದಲಾಗಲಿ ಎನ್ನುತ್ತೇನೆ. ಚಿಕಿತ್ಸೆಗೆ ಮೊದಲು ಬಳಗವನ್ನೆಲ್ಲ ಕಂಡು, ರೊಟ್ಟಿ ತಿಂದು ಬನ್ನಿ. ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಹೋಗಿ. ನಡುವಿನ ದಿನಗಳಲ್ಲಿ, ಸಾಧ್ಯವಾದರೆ, ಅಮ್ಮನೇ ಬಂದು ಜೊತೆಗಿರಲಿ. ಹಾಗಿದ್ದರೆ ಒಂದು ಕೋಣೆಗಿಂತ ಒಲೆ ಇರುವ ಸಣ್ಣ ಬಾಡಿಗೆ ಮನೆ ಲೇಸು.

ಹಂಪಿಯ ವಿಚಾರ ಇದಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಮನಸ್ಸು ವಾದಕ್ಕೆ ಒಪ್ಪುವುದಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಬಯಲನ್ನು ಕಾಯುವ ಕಟ್ಟುಪಾಡುಗಳಿಂದಾಗಿ ಉಳಿಯುವ ಜಾಗಗಳು ಸ್ಮಾರಕಗಳಿಂದ ದೂರ ಸರಿಯುತ್ತಲೇ ಬಂದಿವೆ. 2011ರಲ್ಲಿ ವಿರೂಪಾಕ್ಷನ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದರು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಹೊರದೇಶದ ಪ್ರವಾಸಿಗಳು ಈಗ ಆನೆಗೊಂದಿ, ಸಾಣಾಪುರದ ಕಡೆಯ ಹೋಂಸ್ಟೇಗಳಲ್ಲಿ ಹಂಚಿಹೋಗಿದ್ದಾರೆ. ಗದ್ದೆ, ಬಂಡೆ, ಬೆಳದಿಂಗಳು ಎಲ್ಲವೂ ಅಲ್ಲಿದೆ. ಹೊಳೆಯೂ ಇದೆ, ತೊಡಕು ಇರುವುದು ಅಲ್ಲೇ. ಹಂಪಿಯ ದೋಣಿ ಹಗಲಿನದು, ಅಣೆಕಟ್ಟೆಯಿಂದ ನೀರು ಹೆಚ್ಚು ಬಿಟ್ಟಾಗ ಅದೂ ನಿಲ್ಲುತ್ತದೆ. ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಮೇಲೆ ಸುತ್ತಿ ಬರಬಹುದು. ಕಂಪ್ಲಿಯ ಹಳೆಯ ಸೇತುವೆಯ ಮೇಲೆ ಮಳೆಗಾಲದ ಪ್ರವಾಹದಲ್ಲಿ ಸಂಚಾರವೇ ಬಂದ್ ಆಗುವುದುಂಟು. ಮೂರನೆಯ ರಾತ್ರಿಗೂ ಡಾಕ್ಟರಿಗೂ ನಡುವೆ ತುಂಗಭದ್ರೆ ಇರಬಾರದು, ಅಷ್ಟೇ. ಹೊಳೆಯ ಈಚೆಗೆ, ಕಮಲಾಪುರದಲ್ಲಿ, ಸರಕಾರದ ಮಯೂರ ಭುವನೇಶ್ವರಿಯಿಂದ ಹಿಡಿದು ದುಬಾರಿ ರೆಸಾರ್ಟಿನವರೆಗೆ ಜಾಗಗಳಿವೆ, ರಸ್ತೆಯೂ ಚೆನ್ನಾಗಿದೆ. ಆದರೂ ಹಂಪಿಯಲ್ಲಿ ಉಳಿದವರು ಮಾತಂಗ ಬೆಟ್ಟ ಹತ್ತದೆ, ಬಿಸಿಲಲ್ಲಿ ಅಲೆಯದೆ ಇರುವುದು ಕಷ್ಟ. ಹಲ್ಲು ಕಿತ್ತ ಮೊದಲ ಎರಡು ಮೂರು ದಿನ ಏರು ಹತ್ತುವುದು, ಭಾರ ಎತ್ತುವುದು ನಿಂತ ರಕ್ತವನ್ನು ಮತ್ತೆ ಜಿನುಗಿಸಬಲ್ಲದು. ಹಂಪಿಯನ್ನು ಮಲಗಿಕೊಂಡು ನೋಡುವಂತಿಲ್ಲ.

ಉಳಿದದ್ದು ಹೊಸಪೇಟೆ. ಪ್ರವಾಸ ಕಥನಗಳಲ್ಲಿ ಈ ಊರಿಗೆ ಒಂದು ಸಾಲಿಗಿಂತ ಹೆಚ್ಚು ಸಿಗುವುದಿಲ್ಲ. ಹಂಪಿಗೆ ಹೋಗುವವರು ಬಸ್ಸು ಬದಲಿಸುವ ಊರು ಎಂದಷ್ಟೇ ಬರೆಯುತ್ತಾರೆ. ಹಲ್ಲಿನ ರೋಗಿಯ ಕಣ್ಣಲ್ಲಿ ಇದರ ಬೆಲೆ ಬೇರೆ. ಸ್ಟೇಷನ್ ರಸ್ತೆಯಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆದರೆ ಲಾಡ್ಜು, ಔಷಧದಂಗಡಿ, ಇಡ್ಲಿಯ ಹೋಟೆಲು, ಹಣ್ಣಿನ ರಸದ ಅಂಗಡಿ ಒಂದರ ಮಗ್ಗುಲಿಗೊಂದು ಇವೆ. 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರವೂ ಇದೇ. ಗದ್ದಲ ಹೆಚ್ಚು ಎನ್ನುವವರಿಗೆ ಒಳಭಾಗದ ಕೋಣೆ ಕೇಳಿ ಪಡೆಯಿರಿ ಎನ್ನುತ್ತೇನೆ, ಗದ್ದಲ ಬಾಗಿಲು ಹಾಕಿದರೆ ತಗ್ಗುತ್ತದೆ, ದೂರ ತಗ್ಗುವುದಿಲ್ಲ. ಕೋಣೆಯಲ್ಲಿ ಕೆಟಲ್ ಇರಲಿ; ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಬೇಕು. ಐಸ್ ಇಡಲು ಫ್ರಿಜ್ಜಿದೆಯೇ, ಕರೆಂಟು ಹೋದರೆ ಜನರೇಟರ್ ಇದೆಯೇ ಎಂದು ಕೇಳಲು ಸಂಕೋಚ ಬೇಡ, ಏಪ್ರಿಲ್–ಮೇ ಬಿಸಿಲು ಇಲ್ಲಿ 40 ಡಿಗ್ರಿ ದಾಟುತ್ತದೆ. ಹೊರದೇಶದ ಪಾಸ್‌ಪೋರ್ಟಿನವರು ಇನ್ನೊಂದನ್ನು ಮೊದಲೇ ವಿಚಾರಿಸಬೇಕು. ಅಂಥ ಅತಿಥಿ ಬಂದ 24 ಗಂಟೆಯೊಳಗೆ ಲಾಡ್ಜಿನವರು, ಹೋಂಸ್ಟೇಯವರು ಸರಕಾರಕ್ಕೆ ಅವರ ವಿವರ ಸಲ್ಲಿಸಬೇಕು. ಅದರ ರೂಢಿಯಿಲ್ಲದ ಸಣ್ಣ ಲಾಡ್ಜುಗಳು ಬಾಗಿಲಲ್ಲೇ ಇಲ್ಲ ಎನ್ನುತ್ತವೆ. ಊದಿದ ಮುಖ ಹೊತ್ತು ಲಾಡ್ಜಿನಿಂದ ಲಾಡ್ಜಿಗೆ ಅಲೆಯುವ ಗತಿ ಯಾರಿಗೂ ಬೇಡ. ಹಂಪಿ ಉತ್ಸವದ ದಿನಗಳಲ್ಲಂತೂ ಕೋಣೆ ಸಿಗುವುದೇ ಕಷ್ಟ.

ಇಷ್ಟಾದರೂ ಒಂದು ಮಾತು ಹೊಸಪೇಟೆಯ ಪರವಾದ ನನ್ನ ವಾದವನ್ನೇ ಅಲ್ಲಾಡಿಸಬಲ್ಲದು. ಸಣ್ಣ ಊರುಗಳ ಕ್ಲಿನಿಕ್ಕುಗಳಲ್ಲಿ ದವಡೆಯ ಶಸ್ತ್ರಚಿಕಿತ್ಸೆ, ಹಲ್ಲಿನ ಬೇರಿನ ಬದಲು ಇಂಪ್ಲಾಂಟ್ ಕೂರಿಸುವುದು ಇವನ್ನೆಲ್ಲ ಎಷ್ಟೋ ಸಲ ಮಾಡುವವರು ಗೊತ್ತಾದ ದಿನಗಳಂದು ಬೇರೆ ಊರಿನಿಂದ ಬಂದುಹೋಗುವ ತಜ್ಞರು. ಕತ್ತರಿ ಹಿಡಿದ ಕೈ ಮೂರನೆಯ ರಾತ್ರಿ ಊರಲ್ಲೇ ಇಲ್ಲದಿದ್ದರೆ ಕ್ಲಿನಿಕ್ಕಿನ ಎದುರೇ ಕೋಣೆ ಹಿಡಿದು ಫಲವೇನು? ಆದ್ದರಿಂದ ಕೋಣೆ ಕಾದಿರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಡಾಕ್ಟರಿಗೇ: ನೀವು ಮುಂದಿನ ನಾಲ್ಕು ದಿನ ಎಲ್ಲಿರುತ್ತೀರಿ, ನೀವಿಲ್ಲದಿದ್ದರೆ ನೋಡುವವರು ಯಾರು? ಉತ್ತರ ಬಳ್ಳಾರಿ ಎಂದಾದರೆ ಬಳ್ಳಾರಿಯಲ್ಲೇ ಉಳಿಯಿರಿ, ಅಲ್ಲಿ ಸರಕಾರಿ ದಂತ ಕಾಲೇಜೂ ಇದೆ. ಹಾಗಾದರೆ ನೇರವಾಗಿ ಬೆಂಗಳೂರಿಗೋ, 1986ರಿಂದ ಎಸ್‌ಡಿಎಂ ದಂತ ಕಾಲೇಜು ನಡೆಯುತ್ತಿರುವ ಧಾರವಾಡಕ್ಕೋ ಯಾಕೆ ಹೋಗಬಾರದು ಎಂದು ಕೇಳಬಹುದು. ಎಲುಬು ಕಸಿ, ಇಡೀ ದವಡೆಯ ಹಲ್ಲು ಕಟ್ಟುವುದು ಇಂಥ ದೊಡ್ಡ ಕೆಲಸಕ್ಕೆ ಹೋಗಲೇಬೇಕು. ಒಂದೇ ಕಟ್ಟಡದಲ್ಲಿ ಎಲ್ಲ ವಿಭಾಗದವರು ಸಿಗುವ ಜಾಗವದು. ಆಗಲೂ ಅಳತೆ ಅದೇ. ಬೆಂಗಳೂರಿನಲ್ಲಿ ಜಯನಗರದ ಕ್ಲಿನಿಕ್ಕಿಗೆ ಯಲಹಂಕದ ಅಣ್ಣನ ಮನೆಯಿಂದ ಹೋಗುವುದು ಸಂಡೂರಿನಿಂದ ಹೊಸಪೇಟೆಗೆ ಹೋಗುವುದಕ್ಕಿಂತ ಹೆಚ್ಚು ಹೊತ್ತು ತಿನ್ನಬಹುದು. ಕೆಲಸ ಮುಗಿದ ರಾತ್ರಿಯೇ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬಂದುಬಿಡುವ ಅವಸರವೂ ಸಲ್ಲದು.

ಇಂಪ್ಲಾಂಟಿನ ವಿಷಯದಲ್ಲಿ ಮಾತ್ರ ಈ ಲೆಕ್ಕ ಎರಡು ಭಾಗವಾಗುತ್ತದೆ. ಟೈಟೇನಿಯಂ ಎಲುಬಿನೊಡನೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಕಂಡ ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟೇನಿಯಂ ಇಂಪ್ಲಾಂಟ್ ಕೂರಿಸಿದ. ಆ ಬೆಸುಗೆಗೆ ಇಂದಿಗೂ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಒಂದೇ ರಜೆಯಲ್ಲಿ ಮುಗಿಸುತ್ತೇನೆ ಎಂದು ಹೊರಡುವವರು ಇದನ್ನು ಗಮನಿಸಬೇಕು. ಮೊದಲ ಸಲ ಬಂದಾಗ ಗಾಯವಿದೆ, ಡಾಕ್ಟರ ಹತ್ತಿರವೇ ಇರಬೇಕು. ಮೇಲ್ದವಡೆಯ ಸೈನಸ್ ಎತ್ತಿ ಎಲುಬು ತುಂಬಿದ್ದರೆ ವಿಮಾನ ಹತ್ತುವ ದಿನವನ್ನೂ ಡಾಕ್ಟರೇ ಹೇಳಬೇಕು. ಎರಡನೆಯ ಸಲ ಬರುವುದು ಅಳತೆ ಕೊಟ್ಟು ಕ್ಯಾಪ್ ಕೂರಿಸಿಕೊಳ್ಳಲು. ಲ್ಯಾಬಿನಿಂದ ಕ್ಯಾಪ್ ಬರಲು ಬಹುಮಟ್ಟಿಗೆ ಒಂದು ವಾರ ಹಿಡಿಯುತ್ತದೆ, ಬಾಯಲ್ಲಿ ದೊಡ್ಡ ಗಾಯವಿರುವುದಿಲ್ಲ. ಆ ವಾರವನ್ನು ಕಮಲಾಪುರದಲ್ಲೋ, ಸಂಡೂರಿನ ಗುಡ್ಡಗಳ ನಡುವೆಯೋ, ಹೊಳೆಯಾಚೆ ಆನೆಗೊಂದಿಯಲ್ಲೋ ನಿಶ್ಚಿಂತೆಯಿಂದ ಕಳೆಯಬಹುದು. ವಾಪಸು ಟಿಕೆಟನ್ನು ಮಾತ್ರ ಕ್ಯಾಪ್ ಕೂರಿಸಿದ ಮರುದಿನಕ್ಕೆ ಮಾಡಿಸಬೇಡಿ. ಎರಡು ಮೂರು ದಿನ ರೊಟ್ಟಿ ಅಗಿದು ನೋಡಿ; ಕಚ್ಚಿದಾಗ ಎಲ್ಲಾದರೂ ಎತ್ತರ ತಗಲಿದರೆ ಮತ್ತೆ ಕುರ್ಚಿಯಲ್ಲಿ ಕೂತು ಉಜ್ಜಿಸಿಕೊಳ್ಳಲು ಸಮಯ ಬೇಕು.